ಮನೆಯ ಗಾಳಿಗೆ ಎಷ್ಟು ನೀರು ಬೇಕು?

ಶಿವರಾತ್ರಿ ಬಂತೆಂದರೆ ಚಳಿ 'ಶಿವ ಶಿವಾ' ಎಂದು ಹೊರಟುಹೋಗುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಚಳಿ ಹೋದ ಬೆನ್ನಲ್ಲೇ ಕಡೂರು ಸೀಮೆಗೆ ಒಣಗಾಳಿ ಕಾಲಿಡುತ್ತದೆ. ತುಟಿ ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ, ಮಕ್ಕಳ ಮೂಗಿನಲ್ಲಿ ರಕ್ತ ಜಿನುಗುತ್ತದೆ, ವಯಸ್ಸಾದವರಿಗೆ ಗಂಟಲು ಕೆರೆತ ಆರಂಭವಾಗುತ್ತದೆ. ಹಿಂದೆ ಇದನ್ನೆಲ್ಲ ಕಾಲಧರ್ಮವೆಂದು ಸಹಿಸಿಕೊಳ್ಳುತ್ತಿದ್ದೆವು. ಈಗ ಇದಕ್ಕೆಂದೇ ಹ್ಯೂಮಿಡಿಫೈಯರ್ ಎಂಬ ಯಂತ್ರವೊಂದು ಮಾರುಕಟ್ಟೆಗೆ ಬಂದಿದೆ. ನೀರನ್ನು ತೇವವಾಗಿಸಿ ಕೋಣೆಯ ಗಾಳಿಗೆ ಬೆರೆಸುವುದು ಅದರ ಕೆಲಸ. ಮೊಬೈಲಿನಲ್ಲಿ ಬೆರಳೊತ್ತಿದರೆ ಹಳ್ಳಿಯ ಮನೆಬಾಗಿಲಿಗೂ ಬರುತ್ತದೆ. ಮೊಮ್ಮಗು ಹುಟ್ಟಿದ ಮನೆಗೆ ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ ಅಕ್ಕರೆಯಿಂದ ಕಳುಹಿಸುವ ವಸ್ತುಗಳಲ್ಲಿ ಇದೂ ಸೇರಿದೆ.

ಅಕ್ಕರೆಯಿಂದ ಬಂದ ವಸ್ತು ಉಪಕಾರವನ್ನೇ ಮಾಡುತ್ತದೆಂದು ಹೇಳಲಾಗದು. ಕೂಸಿನ ಉಸಿರಿಗೆ ನೇರವಾಗಿ ಸಂಬಂಧಿಸಿದ ಯಂತ್ರವಿದು. ಸರಿಯಾಗಿ ಬಳಸಿದರೆ ಹಿತ, ತಪ್ಪಿ ಬಳಸಿದರೆ ರೋಗಕ್ಕೆ ದಾರಿ. ಆದ್ದರಿಂದ ಈ ತಿಂಗಳ ಅಂಕಣದಲ್ಲಿ, ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಈ ಯಂತ್ರದ ಗುಣಾವಗುಣಗಳನ್ನು ವಿಚಾರಿಸೋಣ.

ಮೂರು ಊರು, ಮೂರು ಹವೆ

ಬೀರೂರು ಜಂಕ್ಷನ್ನಿನಲ್ಲಿ ರೈಲುಹಳಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೆ, ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿನ ಕಡೆಗೆ. ಅಲ್ಲಿಂದ ಮುಂದೆ ಹವೆಯೂ ಹಾಗೆಯೇ ಬೇರೆಬೇರೆ ದಾರಿ ಹಿಡಿಯುತ್ತದೆ. ಪಶ್ಚಿಮದಿಂದ ಬರುವ ಮುಂಗಾರು ಮೋಡಗಳು ಬಾಬಾಬುಡನ್ ಬೆಟ್ಟಸಾಲಿನ ಮೇಲೆ ಮಳೆ ಸುರಿಸಿ, ಹಗುರವಾಗಿ ಈಚೆಗೆ ಇಳಿಯುತ್ತವೆ. ಬೆಟ್ಟದ ಮಳೆನೆರಳಿನಲ್ಲಿರುವ ಕಡೂರಿಗೆ ವರ್ಷಕ್ಕೆ ದೊರೆಯುವ ಮಳೆ 600 ಮಿಲಿಮೀಟರಿನ ಆಸುಪಾಸು. ತರೀಕೆರೆಯ ಪಶ್ಚಿಮ ಭಾಗ, ಅಂದರೆ ಲಿಂಗದಹಳ್ಳಿ, ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಯ ತಪ್ಪಲು, ಮಲೆನಾಡಿನ ಸೆರಗಿನಲ್ಲಿದೆ. ಒಂದು ಕಾಲಕ್ಕೆ ತರೀಕೆರೆಯ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರ ಬಯಲುಸೀಮೆಯತ್ತ ಮುಖ ಮಾಡಿದೆ.

ಈ ವ್ಯತ್ಯಾಸ ಮನೆಯೊಳಗೂ ಕಾಣುತ್ತದೆ. ಆಷಾಢ ಶ್ರಾವಣದಲ್ಲಿ ಲಕ್ಕವಳ್ಳಿಯ ಕಡೆಯ ಮನೆಗಳಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬೂಷ್ಟು ಹಿಡಿಯುತ್ತದೆ. ಗೋಡೆಯ ಮೂಲೆ ಕಪ್ಪಾಗುತ್ತದೆ. ಅಂತಹ ಮನೆಗೆ ತೇವ ಕೊಡುವ ಯಂತ್ರ ತರುವುದು ಕೆರೆಗೆ ನೀರು ಹೊತ್ತು ಹಾಕಿದಂತೆ. ಅದೇ ಜಿಲ್ಲೆಯ ಯಗಟಿ, ಪಂಚನಹಳ್ಳಿಯ ಕಡೆ ಫಾಲ್ಗುಣದ ಮಧ್ಯಾಹ್ನ ಗಾಳಿ ಎಷ್ಟು ಒಣಗಿರುತ್ತದೆಂದರೆ, ಹರವಿದ ಪಂಚೆ ಒಂದು ಗಳಿಗೆಯಲ್ಲಿ ಗರಿಗರಿಯಾಗುತ್ತದೆ. ಕೆರೆಯ ಮಗ್ಗುಲಲ್ಲೋ ತೆಂಗು ಅಡಿಕೆ ತೋಟದ ನಡುವೆಯೋ ಇರುವ ಮನೆಯ ಹವೆ ಬೇರೆ, ಊರ ಮುಂದಿನ ಬಯಲಿನಲ್ಲಿ ಕಟ್ಟಿದ ತಾರಸಿ ಮನೆಯ ಹವೆ ಬೇರೆ. ಆದುದರಿಂದ ನೆರೆಯವರು ತಂದರೆಂದು ನಾವೂ ತರುವುದು ತರವಲ್ಲ. ಅವರ ಮನೆಯ ಗಾಳಿಯೇ ಬೇರೆ ಇರಬಹುದು.

ಮೊದಲು ಅಳತೆ, ಆಮೇಲೆ ಯಂತ್ರ

ಗಾಳಿಯಲ್ಲಿರುವ ನೀರಿನ ಆವಿಯನ್ನು ಆರ್ದ್ರತೆ ಎನ್ನುತ್ತಾರೆ. ಅದನ್ನು ಶೇಕಡಾವಾರು ಲೆಕ್ಕದಲ್ಲಿ ಹೇಳುವುದು ರೂಢಿ. ಗಾಳಿ ತಾನು ಹಿಡಿಯಬಲ್ಲಷ್ಟು ಆವಿಯನ್ನೂ ಹಿಡಿದಿದ್ದರೆ ಶೇಕಡಾ 100, ಅರ್ಧ ಹಿಡಿದಿದ್ದರೆ ಶೇಕಡಾ 50. ಗಾಳಿ ಕಾದಷ್ಟೂ ಅದು ಹಿಡಿಯಬಲ್ಲ ಆವಿ ಹೆಚ್ಚುತ್ತದೆ. ಒಂದು ಘನಮೀಟರ್ ಗಾಳಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 17 ಗ್ರಾಂ ಆವಿಯನ್ನು ಹಿಡಿದರೆ, 35 ಡಿಗ್ರಿಯಲ್ಲಿ ಸುಮಾರು 40 ಗ್ರಾಂ ಹಿಡಿಯುತ್ತದೆ. ಹೀಗಾಗಿ ಬೆಳಗಿನ ಜಾವ 20 ಡಿಗ್ರಿಯಲ್ಲಿ ಶೇಕಡಾ 80 ಆರ್ದ್ರತೆಯಿದ್ದ ಗಾಳಿ, ಒಂದು ಹನಿ ನೀರನ್ನೂ ಕಳೆದುಕೊಳ್ಳದೆ, ಮಧ್ಯಾಹ್ನ 35 ಡಿಗ್ರಿಗೆ ಕಾದಾಗ ಶೇಕಡಾ 35ಕ್ಕೆ ಇಳಿಯುತ್ತದೆ.

ಇದರಿಂದ ಮುಖ್ಯವಾದ ಒಂದು ಸಂಗತಿ ಹೊರಡುತ್ತದೆ. ನಮ್ಮ ಸೀಮೆಯಲ್ಲಿ ಗಾಳಿ ಒಣಗಿರುವುದು ಮುಖ್ಯವಾಗಿ ಮಧ್ಯಾಹ್ನದ ಹೊತ್ತು. ರಾತ್ರಿ ತಂಪಾದಂತೆ ಆರ್ದ್ರತೆ ತಾನಾಗಿಯೇ ಏರುತ್ತದೆ. ಯಂತ್ರವನ್ನಾದರೋ ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಉರಿಸಲು ಮಾರುತ್ತಾರೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲವಿಡೀ ಮನೆಯನ್ನು ಮುಚ್ಚಿ ಕಾಯಿಸುವುದರಿಂದ ಅಲ್ಲಿ ರಾತ್ರಿಯೂ ಒಣಹವೆ ಇರುತ್ತದೆ. ಅಲ್ಲಿಗೆ ಆ ಪದ್ಧತಿ ಸರಿ. ನಮ್ಮಲ್ಲಿ ಹವಾನಿಯಂತ್ರಣ ಯಂತ್ರ ಹಾಕಿ ಮಲಗುವ ಕೋಣೆಗಳಿಗೆ ಮಾತ್ರ ಆ ಮಾತು ಸ್ವಲ್ಪಮಟ್ಟಿಗೆ ಅನ್ವಯಿಸೀತು. ಆ ಯಂತ್ರ ಗಾಳಿಯನ್ನು ತಣ್ಣಗೆ ಮಾಡುವಾಗ ಅದರೊಳಗಿನ ನೀರನ್ನು ಹಿಂಡಿ ಕೊಳವೆಯ ಮೂಲಕ ಹೊರಹಾಕುತ್ತದೆ.

ಇದನ್ನೆಲ್ಲ ಊಹೆಯಿಂದ ನಿರ್ಧರಿಸಬೇಕಾಗಿಲ್ಲ. ಹೈಗ್ರೋಮೀಟರ್ ಎಂಬ ಪುಟ್ಟ ಮಾಪಕ ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಮೊದಲು ಅದನ್ನು ತನ್ನಿರಿ. ಅದು ಸರಿಯಾಗಿ ಅಳೆಯುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ, ಮಾಪಕದೊಂದಿಗೆ ಭದ್ರವಾದ ಡಬ್ಬಿಯಲ್ಲಿ ಮುಚ್ಚಿಡಿ. ಒಂದು ರಾತ್ರಿ ಕಳೆದ ಮೇಲೆ ಅದು ಶೇಕಡಾ 75ರ ಹತ್ತಿರ ತೋರಿಸಬೇಕು. ಐದು ಹೆಚ್ಚು ತೋರಿಸಿದರೆ ಮುಂದೆ ಪ್ರತಿ ಅಳತೆಯಲ್ಲೂ ಐದು ಕಳೆಯಿರಿ. ಕಡಿಮೆ ತೋರಿಸಿದರೆ ಕೂಡಿಸಿರಿ. ಆಮೇಲೆ ಹತ್ತು ದಿನ, ಬೆಳಿಗ್ಗೆ, ಮಧ್ಯಾಹ್ನ ಮತ್ತು ಮಲಗುವ ಹೊತ್ತು, ಮಕ್ಕಳ ಶಾಲೆಯ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಮನೆಯೊಳಗಿನ ಆರ್ದ್ರತೆ ಶೇಕಡಾ 30ರಿಂದ 50ರೊಳಗೆ ಇರುವುದು ಉತ್ತಮವೆಂದೂ, 60 ಮೀರಬಾರದೆಂದೂ ಹೇಳುತ್ತದೆ. ಅದಕ್ಕಿಂತ ಹೆಚ್ಚಾದರೆ ಬೂಷ್ಟು ಬೆಳೆಯುತ್ತದೆ. ಹಾಸಿಗೆ ದಿಂಬುಗಳಲ್ಲಿರುವ, ಕಣ್ಣಿಗೆ ಕಾಣದ ಧೂಳುನುಸಿಗಳು ಹೆಚ್ಚುತ್ತವೆ. ಇವೆರಡೂ ಉಬ್ಬಸವಿರುವವರಿಗೆ ಶತ್ರುಗಳು. ನಿಮ್ಮ ಪುಸ್ತಕದಲ್ಲಿ ರಾತ್ರಿಯ ಅಂಕಿಗಳು 40ಕ್ಕಿಂತ ಮೇಲೇ ಇದ್ದರೆ ಯಂತ್ರದ ವಿಚಾರವನ್ನು ಅಲ್ಲಿಗೇ ಬಿಡಬಹುದು. ಹಣ ಉಳಿಯಿತು, ಆರೋಗ್ಯವೂ ಉಳಿಯಿತು.

ಕೆಮ್ಮೆಲ್ಲ ಒಣಹವೆಯ ಕೆಮ್ಮಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಶೇಂಗಾ ಬಡಿಯುವ ಕಣದ ಧೂಳು, ಸೌದೆ ಒಲೆಯ ಹೊಗೆ, ಸೊಳ್ಳೆಬತ್ತಿಯ ಹೊಗೆ, ಇವುಗಳಿಂದ ಬಂದ ಕೆಮ್ಮಿಗೆ ತೇವದ ಯಂತ್ರ ಮದ್ದಲ್ಲ. ಎರಡು ವಾರ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಬೇಕು, ಅದು ಉಚಿತ.

ಒಂದು ಲೋಟ ನೀರಿನ ಲೆಕ್ಕ

ಯಂತ್ರ ಬೇಕೆಂದು ಅಳತೆಯೇ ಹೇಳಿತೆನ್ನಿ. ಎಷ್ಟು ದೊಡ್ಡದು ಬೇಕು? ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನಮೀಟರ್ ಗಾಳಿಯಿರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಅದರ ಆರ್ದ್ರತೆಯನ್ನು ಶೇಕಡಾ 30ರಿಂದ 45ಕ್ಕೆ ಏರಿಸಲು ಬೇಕಾಗುವ ನೀರು ಸುಮಾರು 120 ಮಿಲಿಲೀಟರ್. ಅಂದರೆ ಒಂದು ಚಿಕ್ಕ ಲೋಟದಷ್ಟು! ಓದುಗರಿಗೆ ಆಶ್ಚರ್ಯವಾದೀತು. ಆದರೆ ಕೋಣೆಯ ಗಾಳಿ ನಿಂತಲ್ಲಿ ನಿಲ್ಲುವುದಿಲ್ಲ. ಕಿಟಕಿ ಬಾಗಿಲು ಮುಚ್ಚಿದ ತಾರಸಿ ಕೋಣೆಯಲ್ಲಿ ಗಂಟೆಗೊಮ್ಮೆ ಗಾಳಿ ಬದಲಾಯಿತೆಂದರೆ ಗಂಟೆಗೊಂದು ಲೋಟ ನೀರು ಬೇಕು. ಮಂಗಳೂರು ಹೆಂಚಿನ ಮನೆಯಲ್ಲಿ ಹೆಂಚಿನ ಸಂದು, ಬೆಳಕಿಂಡಿ, ತೊಲೆಯ ಎಡೆಗಳಿಂದ ಗಾಳಿ ಸದಾ ಓಡಾಡುತ್ತದೆ. ಅಲ್ಲಿ ಗಂಟೆಗೆ ಐದು ಬಾರಿ ಗಾಳಿ ಬದಲಾದರೆ 600 ಮಿಲಿಲೀಟರ್ ಬೇಕಾಗುತ್ತದೆ. ಸಾಮಾನ್ಯವಾಗಿ ದೊರೆಯುವ ಚಿಕ್ಕ ಯಂತ್ರಗಳು ಗಂಟೆಗೆ ಕೊಡುವುದು 250ರಿಂದ 300 ಮಿಲಿಲೀಟರ್.

ಹೆಂಚಿನ ಮನೆಯಲ್ಲಿ ಇಂತಹ ಯಂತ್ರವಿಟ್ಟರೆ ಅದು ಊರ ಗಾಳಿಗೆ ನೀರು ಕೊಡುತ್ತದೆಯೇ ಹೊರತು ಮನೆಯ ಗಾಳಿಗಲ್ಲ. ಹಾಗೆಂದು ಯಂತ್ರ ಫಲಿಸಲೆಂದು ಎಲ್ಲ ಸಂದುಗಳನ್ನೂ ಮುಚ್ಚುವುದು ಇನ್ನೂ ಕೆಟ್ಟದ್ದು. ನಾಲ್ಕು ಜನ ಮಲಗುವ ಕೋಣೆಗೆ ಹೊಸಗಾಳಿ ಬೇಕೇ ಬೇಕು.

ಯಂತ್ರಗಳ ಮೂರು ಬಗೆ

ಮೊದಲನೆಯದು ನೀರನ್ನು ಕುದಿಸಿ ಹಬೆ ಬಿಡುವ ಬಗೆ. ಕುದಿಯುವುದರಿಂದ ಕ್ರಿಮಿಗಳು ಸಾಯುತ್ತವೆ. ನೀರಿನ ಉಪ್ಪು ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಆದರೆ ಒಂದು ಲೀಟರ್ ನೀರನ್ನು ಕಾಯಿಸಿ ಪೂರ್ತಿ ಆವಿ ಮಾಡಲು ಸುಮಾರು 0.7 ಯೂನಿಟ್ ವಿದ್ಯುತ್ ಬೇಕು. ಅದಕ್ಕಿಂತ ಮಿಗಿಲಾದ ಆತಂಕವೆಂದರೆ ಮಕ್ಕಳು ಎಳೆದು ಮೈಮೇಲೆ ಬಿಸಿನೀರು ಸುರಿದುಕೊಳ್ಳುವುದು. ಅಂಬೆಗಾಲಿಡುವ ಮಗುವಿರುವ ಮನೆಗೆ ಇದು ಸಲ್ಲದು. ಅಮೆರಿಕದ ಮಕ್ಕಳ ತಜ್ಞರೂ ಈ ಕಾರಣದಿಂದಲೇ ಮಕ್ಕಳ ಕೋಣೆಗೆ ತಣ್ಣನೆಯ ತೇವ ಕೊಡುವ ಯಂತ್ರವನ್ನೇ ಹೇಳುತ್ತಾರೆ.

ಎರಡನೆಯದು ಅಲ್ಟ್ರಾಸಾನಿಕ್ ಬಗೆ. ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವುದು ಇದೇ. ಕಿವಿಗೆ ಕೇಳದಷ್ಟು ವೇಗದ ಕಂಪನದಿಂದ ನೀರನ್ನು ಸೂಕ್ಷ್ಮ ತುಂತುರಾಗಿ ಒಡೆದು ಹೊರಹಾಕುತ್ತದೆ. ಸದ್ದಿಲ್ಲ, ಒಂದು ಸಣ್ಣ ಬಲ್ಬಿನಷ್ಟು ವಿದ್ಯುತ್ ಸಾಕು, ಕರೆಂಟು ಹೋದಾಗ ಯುಪಿಎಸ್ ಮೇಲೂ ನಡೆಯುತ್ತದೆ. ಆದರೆ ಇದಕ್ಕೊಂದು ದೋಷವಿದೆ. ಇದು ನೀರನ್ನು ಆವಿ ಮಾಡುವುದಿಲ್ಲ, ಚೂರು ಮಾಡಿ ಎಸೆಯುತ್ತದೆ. ನೀರಿನಲ್ಲಿ ಏನೇನಿದೆಯೋ, ಉಪ್ಪು, ಕ್ರಿಮಿ, ಲೋಳೆ, ಅವೆಲ್ಲವನ್ನೂ ನೀರಿನೊಂದಿಗೇ ಗಾಳಿಗೆ ತೂರುತ್ತದೆ.

ಮೂರನೆಯದು ಒದ್ದೆ ಬತ್ತಿ ಅಥವಾ ಜಾಲರಿಯ ಮೂಲಕ ಫ್ಯಾನಿನ ಗಾಳಿಯನ್ನು ಹಾಯಿಸುವ ಬಗೆ. ಇಲ್ಲಿ ನೀರು ಮಾತ್ರ ಆವಿಯಾಗುತ್ತದೆ; ಉಪ್ಪು ಬತ್ತಿಯಲ್ಲೇ ಉಳಿಯುತ್ತದೆ. ಗಾಳಿ ತೇವವಾದಂತೆ ಆವಿಯಾಗುವ ವೇಗ ತಾನಾಗಿಯೇ ತಗ್ಗುವುದರಿಂದ ಕೋಣೆ ಅತಿಯಾಗಿ ಒದ್ದೆಯಾಗುವ ಭಯ ಕಡಿಮೆ. ಬತ್ತಿಯನ್ನು ಆಗಾಗ ಬದಲಿಸಬೇಕೆಂಬುದೇ ಖರ್ಚು. ನಮ್ಮ ಮಟ್ಟಿಗೆ ಮೂರರಲ್ಲಿ ಇದೇ ಮೇಲು.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸಿಲ್ಲ. ಕಡೂರು, ಬೀರೂರಿನ ಅನೇಕ ಮನೆಗಳಲ್ಲಿ ಬೇಸಿಗೆಗೆಂದು ತಂದಿಟ್ಟಿರುವ ಕೂಲರ್ ಈ ಮೂರನೆಯ ಬಗೆಯ ಯಂತ್ರವೇ. ತಂಪು ಕೊಡುವುದು, ತೇವ ಕೊಡುವುದು ಎರಡೂ ಅದರಲ್ಲಿ ಒಂದೇ ಕ್ರಿಯೆ. ಒಣಹವೆ ಕಾಡುವ ಮಧ್ಯಾಹ್ನ ಕಿಟಕಿಯೊಂದನ್ನು ತುಸು ತೆರೆದಿಟ್ಟು ಅದನ್ನೇ ನಡೆಸಿದರೆ ಬೇರೆ ಯಂತ್ರದ ಅಗತ್ಯವೇ ಬೀಳದು. ಆದರೆ ಅದರ ತೊಟ್ಟಿಯ ನೀರನ್ನು ತಿಂಗಳುಗಟ್ಟಲೆ ಹಾಗೆಯೇ ಬಿಡಬಾರದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ನಿಂತ ತಿಳಿನೀರಿನಲ್ಲಿಯೇ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು ಎಂಬುದನ್ನು ನೆನಪಿಡೋಣ. ವಾರಕ್ಕೊಮ್ಮೆಯಾದರೂ ತೊಟ್ಟಿಯನ್ನು ಬರಿದುಮಾಡಿ, ಉಜ್ಜಿ, ಒಣಗಿಸಬೇಕು.

ಔಷಧದ ಅಂಗಡಿಯಲ್ಲಿ ಹೆಸರುಗಳು ಅದಲುಬದಲಾಗುವುದೂ ಉಂಟು. ನೆಬ್ಯುಲೈಸರ್ ಎಂಬುದು ವೈದ್ಯರು ಬರೆದುಕೊಟ್ಟ ಔಷಧವನ್ನು ಶ್ವಾಸಕೋಶಕ್ಕೆ ಕಳುಹಿಸುವ ಸಾಧನ. ನೆಗಡಿಯಾದಾಗ ಮುಖವೊಡ್ಡಿ ಹಬೆ ತೆಗೆದುಕೊಳ್ಳುವ ಪಾತ್ರೆ ಬೇರೆ. ಆಮ್ಲಜನಕ ಯಂತ್ರಕ್ಕೆ ಜೋಡಿಸುವ ನೀರಿನ ಬಾಟಲಿಗೂ ಹ್ಯೂಮಿಡಿಫೈಯರ್ ಎಂದೇ ಹೆಸರು. ಅದಕ್ಕೆ ಹಾಕುವ ನೀರನ್ನು ವೈದ್ಯರೇ ಹೇಳಬೇಕು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲಾಗದು.

ಯಾವ ನೀರು?

ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯಿದು. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ಒಳಮೈಗೆ ಬಿಳಿಯ ಹೊಪ್ಪಳಿಕೆ ಕಟ್ಟುವುದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ಒಂದು ಲೀಟರಿನಲ್ಲಿ ಕರಗಿದ ಲವಣಗಳು 500 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೂ ಒಪ್ಪಬಹುದು. ಕುಡಿಯಲು ಒಪ್ಪಿಗೆಯಾದ 500 ಮಿಲಿಗ್ರಾಂ ಲವಣದ ನೀರನ್ನೇ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿ ರಾತ್ರಿಗೆ ಮೂರು ಲೀಟರ್ ಖಾಲಿ ಮಾಡಿದರೆ, ಒಂದೂವರೆ ಗ್ರಾಂ ಲವಣದ ಪುಡಿ ಆ ಕೋಣೆಯ ಗಾಳಿಗೆ ಸೇರುತ್ತದೆ. ಬೆಳಿಗ್ಗೆ ಮೇಜಿನ ಮೇಲೆ, ಮಂಚದ ಮೇಲೆ ತೆಳುವಾಗಿ ಬಿಳಿಯ ಧೂಳು ಕುಳಿತಿರುತ್ತದೆ. ಮೇಜಿನ ಮೇಲೆ ಕುಳಿತದ್ದನ್ನು ಬಟ್ಟೆಯಿಂದ ಒರೆಸಬಹುದು. ಎದೆಯೊಳಗೆ ಹೋದದ್ದನ್ನು ಒರೆಸುವವರು ಯಾರು?

ನೀರನ್ನು ಕುದಿಸಿ ಹಾಕಿದರಾಯಿತೆಂದು ಕೆಲವರು ಭಾವಿಸುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ; ಸುಣ್ಣದ ಅಂಶ ತುಸು ತಳಕ್ಕಿಳಿಯುತ್ತದೆ; ಉಳಿದ ಲವಣ ಹೋಗುವುದಿಲ್ಲ. ಕಡೂರು ತಾಲ್ಲೂಕಿನ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಅಂಶವೂ ಕುದಿಸುವುದರಿಂದ ಹೋಗದು. ಈ ಕೆಲಸಕ್ಕೆ ತಕ್ಕ ನೀರು ಈಗ ನಮ್ಮ ಹಳ್ಳಿಗಳಲ್ಲೇ ದೊರೆಯುತ್ತಿದೆ. ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಓ ನೀರಿನಲ್ಲಿ ಲವಣಾಂಶ ಬಹಳ ಕಡಿಮೆ. ಘಟಕ ಸರಿಯಾಗಿ ನಡೆಯುತ್ತಿದ್ದರೆ ಆ ನೀರೇ ಸಾಕು. ಹಾಗೆಂದು ನೀರನ್ನು ಅಗ್ಗವೆಂದು ಎಣಿಸಬಾರದು. 2023ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಟ್ಯಾಂಕರ್ ಕಾದು ನಿಲ್ಲುವ ದಿನಗಳಲ್ಲಿ ಕುಡಿಯುವ ನೀರು ಮೊದಲು ಕುಡಿಯುವುದಕ್ಕೇ ಸಲ್ಲಬೇಕು.

ನೀರಲ್ಲದೆ ಬೇರೇನೂ ಬೇಡ

ಈಗ ಹೇಳುವ ಸಂಗತಿಯನ್ನು ಓದುಗರು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇವೆ. ದಕ್ಷಿಣ ಕೊರಿಯಾದಲ್ಲಿ ಈ ಯಂತ್ರಗಳು ಮನೆಮನೆಯಲ್ಲಿದ್ದವು. ತೊಟ್ಟಿಯಲ್ಲಿ ಲೋಳೆ ಕಟ್ಟಬಾರದೆಂದು ನೀರಿಗೆ ಬೆರೆಸುವ ಕ್ರಿಮಿನಾಶಕ ದ್ರಾವಣಗಳು 1994ರಿಂದ ಅಲ್ಲಿ ಅಂಗಡಿಗಳಲ್ಲಿ ಮಾರಾಟವಾದವು. ಮಗುವಿನ ಕೋಣೆ ಶುದ್ಧವಾಗಿರಲೆಂದು ತಾಯಂದಿರು ಅದನ್ನು ಹಾಕುತ್ತಿದ್ದರು. 2011ರ ವಸಂತದಲ್ಲಿ ಗರ್ಭಿಣಿಯರೂ ಬಾಣಂತಿಯರೂ ಕಾರಣ ತಿಳಿಯದ ಶ್ವಾಸಕೋಶದ ರೋಗದಿಂದ ಸಿಯೋಲ್ ನಗರದ ಆಸ್ಪತ್ರೆ ಸೇರತೊಡಗಿದರು. ಅದೇ ವರ್ಷ ಅಲ್ಲಿನ ಆರೋಗ್ಯ ಇಲಾಖೆ ಶೋಧಿಸಿ, ಆ ದ್ರಾವಣದ ತುಂತುರೇ ಕಾರಣವೆಂದು ಕಂಡುಹಿಡಿದು ಮಾರಾಟವನ್ನು ನಿಲ್ಲಿಸಿತು. ಅಷ್ಟರಲ್ಲಿ ಹದಿನೇಳು ವರ್ಷ ಕಳೆದಿದ್ದವು. ಸತ್ತವರ ಸಂಖ್ಯೆ ಸಾವಿರವನ್ನು ಮೀರಿತೆಂದು ಮುಂದೆ ತಿಳಿದುಬಂತು. ಅವರಲ್ಲಿ ಹಸುಗೂಸುಗಳೂ ಇದ್ದವು.

ಆ ದ್ರಾವಣವನ್ನು ಚರ್ಮಕ್ಕೆ, ನೆಲಕ್ಕೆ ಬಳಸುವುದು ಬೇರೆ, ತುಂತುರಾಗಿಸಿ ರಾತ್ರಿಯಿಡೀ ಉಸಿರಾಡುವುದು ಬೇರೆ. ಆದುದರಿಂದ ಫಿನಾಯಿಲ್, ಡೆಟಾಲ್‌ನಂತಹ ದ್ರಾವಣ, ಬ್ಲೀಚಿಂಗ್ ಪುಡಿ, ಕರ್ಪೂರ, ನೀಲಗಿರಿ ಎಣ್ಣೆ, ಸುಗಂಧ ತೈಲ ಇವಾವುದನ್ನೂ ಯಂತ್ರದ ನೀರಿಗೆ ಹಾಕಕೂಡದು. ಶುದ್ಧ ನೀರು, ಶುದ್ಧ ತೊಟ್ಟಿ, ಇಷ್ಟೇ. ದಿನವೂ ಉಳಿದ ನೀರನ್ನು ಚೆಲ್ಲಿ, ತೊಟ್ಟಿಯನ್ನು ತೊಳೆದು, ಹೊಸ ನೀರು ತುಂಬಬೇಕು. ಮೂರು ದಿನಕ್ಕೊಮ್ಮೆ ಒಳಭಾಗವನ್ನು ಉಜ್ಜಬೇಕು. ಬಿಳಿಯ ಕಲೆ ಕಟ್ಟಿದ್ದರೆ ನಿಂಬೆರಸ ಬೆರೆಸಿದ ನೀರನ್ನು ಅರ್ಧ ಗಂಟೆ ನಿಲ್ಲಿಸಿ, ಉಜ್ಜಿ, ಎರಡು ಮೂರು ಬಾರಿ ಬರಿಯ ನೀರಿನಿಂದ ತೊಳೆಯಬೇಕು. ತೊಳೆಯುವಾಗ ವಿದ್ಯುತ್ ತಂತಿಯನ್ನು ಕಿತ್ತಿರಬೇಕು. ಕಾಲ ಮುಗಿದ ಮೇಲೆ ಒಣಗಿಸಿ ಅಟ್ಟಕ್ಕೇರಿಸಬೇಕು. ಈ ಕೆಲಸ ದಿನವೂ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಮನೆಮಂದಿ ಕೂಡಿ ನಿರ್ಧರಿಸಬೇಕು. ಮೊದಲೇ ಕೈತುಂಬ ಕೆಲಸವಿರುವ ಗೃಹಿಣಿಯ ಮೇಲೆ ಇದನ್ನೂ ಹೊರಿಸಿ, ಆಕೆಗೆ ಬಿಡುವಿಲ್ಲದೆ ತೊಟ್ಟಿ ಪಾಚಿಗಟ್ಟಿದರೆ, ಯಂತ್ರ ಇಲ್ಲದಿರುವುದೇ ಲೇಸು.

ಬಾಣಂತಿಯ ಕೋಣೆ

ನಮ್ಮ ಕಡೆ ಬಾಣಂತಿಯ ಕೋಣೆಯನ್ನು ಮುಚ್ಚಿ, ಕೆಂಡದ ಅಗ್ಗಿಷ್ಟಿಕೆಯಿಟ್ಟು, ಸಾಂಬ್ರಾಣಿ ಹೊಗೆ ಹಾಕುವ ವಾಡಿಕೆಯುಂಟು. ಆ ಕಾವಿನಿಂದ ಗಾಳಿ ಒಣಗುತ್ತದೆ, ಹೊಗೆಯಿಂದ ಕೂಸಿಗೆ ಮೂಗು ಕಟ್ಟುತ್ತದೆ. ಮೂಗು ಕಟ್ಟಿತೆಂದು ಯಂತ್ರ ಬರುತ್ತದೆ. ಹೀಗೆ ಒಂದು ಕೈಯಿಂದ ಒಣಗಿಸಿ, ಇನ್ನೊಂದು ಕೈಯಿಂದ ಒದ್ದೆ ಮಾಡುತ್ತೇವೆ. ಮುಚ್ಚಿದ ಕೋಣೆಯಲ್ಲಿ ಕೆಂಡವಿಡುವುದು ಪ್ರಾಣಾಪಾಯದ ಸಂಗತಿ. ಅದರಿಂದ ಹೊರಡುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಿರಿಯರ ಕಾಳಜಿಯನ್ನು ನಾವು ಹಳಿಯುತ್ತಿಲ್ಲ. ತಾಯಿ ಮಗುವಿಗೆ ಬೆಚ್ಚಗಿರಬೇಕೆಂಬ ಅವರ ಆಶಯ ಸರಿ. ಅದನ್ನು ಹತ್ತಿಯ ಬಟ್ಟೆ, ಕುಲಾವಿ, ಹೊದಿಕೆಯಿಂದಲೇ ನೆರವೇರಿಸಬಹುದು. ಕೆಂಡವನ್ನೂ ಹೊಗೆಯನ್ನೂ ಹೊರಗಿಟ್ಟು, ಕಿಟಕಿಯ ಮೇಲ್ಭಾಗವನ್ನು ತೆರೆದಿಟ್ಟು ಎರಡು ದಿನ ನೋಡಿರಿ. ಆಮೇಲೂ ಕೂಸಿಗೆ ಉಸಿರಾಟ ಕಷ್ಟವಾದರೆ, ಹಾಲು ಕುಡಿಯಲು ಆಗದಿದ್ದರೆ, ಎದೆ ಒಳಸೇದುತ್ತಿದ್ದರೆ ಅದು ಯಂತ್ರದ ವಿಷಯವಲ್ಲ. ತಡಮಾಡದೆ ಮಕ್ಕಳ ವೈದ್ಯರ ಬಳಿಗೆ ಹೋಗಬೇಕು.

ಕೊಳ್ಳುವಾಗ ನೋಡಬೇಕಾದುದು

ಅಳತೆ ನೋಡಿ, ಕೋಣೆ ನೋಡಿ, ನೀರು ನೋಡಿ ಕೊಳ್ಳುವುದೇ ಸರಿಯೆಂದು ನಿಶ್ಚಯಿಸಿದವರು ಇಷ್ಟನ್ನು ಪರಿಶೀಲಿಸಬೇಕು. ತೊಟ್ಟಿಯ ಬಾಯಿ ಕೈ ಒಳಹೋಗುವಷ್ಟು ಅಗಲವಾಗಿರಬೇಕು. ಇದು ಎಲ್ಲಕ್ಕಿಂತ ಮುಖ್ಯ. ಕೈ ಹೋಗದ ತೊಟ್ಟಿ ಎಂದಿಗೂ ಶುದ್ಧವಾಗದು. ಆನೆ, ಮೊಲ, ಗೊಂಬೆಗಳ ಆಕಾರದ ಚಂದದ ಯಂತ್ರಗಳು ಹಲವು ಈ ಪರೀಕ್ಷೆಯಲ್ಲೇ ಸೋಲುತ್ತವೆ. ಮಗು ಅವುಗಳನ್ನು ಆಟಿಕೆಯೆಂದು ಎಳೆಯುವ ಅಪಾಯವೂ ಇದೆ. ನೀರು ಮುಗಿದೊಡನೆ ತಾನಾಗಿ ನಿಲ್ಲುವ ವ್ಯವಸ್ಥೆಯಿರಬೇಕು. ಗಂಟೆಗೆ ಎಷ್ಟು ಮಿಲಿಲೀಟರ್ ಎಂಬ ಅಂಕಿ ಪೆಟ್ಟಿಗೆಯ ಮೇಲೆ ಬರೆದಿರಬೇಕು. ಬೇಕಾದ ಆರ್ದ್ರತೆಗೆ ಬಂದಾಗ ನಿಲ್ಲುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ಬತ್ತಿ, ಜಾಲರಿಗಳು ಮುಂದೆಯೂ ದೊರೆಯುತ್ತವೆಯೇ ಎಂದು ವಿಚಾರಿಸಬೇಕು. ಬಣ್ಣದ ದೀಪ, ಸುಗಂಧದ ತಟ್ಟೆಗಳಿಗೆ ಹಣ ಕೊಡಬೇಕಾಗಿಲ್ಲ.

ಇಡುವ ಜಾಗವೂ ಮುಖ್ಯ. ಸ್ಟೂಲಿನ ಮೇಲೆ, ಗೋಡೆಯಿಂದ ಮೂರಡಿ ಈಚೆಗೆ, ಸ್ವಿಚ್ ಬೋರ್ಡಿನಿಂದ ದೂರವಾಗಿ ಇಡಬೇಕು. ತುಂತುರು ಹಾಸಿಗೆಯ ಮೇಲೋ ತೊಟ್ಟಿಲಿನ ಮೇಲೋ ಬೀಳಬಾರದು. ಅಜ್ಜಂಪುರದ ಕಡೆ ಈರುಳ್ಳಿಯನ್ನು ಮನೆಯೊಳಗೇ ಹರವುವವರಿದ್ದಾರೆ. ಕಡೂರಿನ ಕಡೆ ಉಂಡೆ ಕೊಬ್ಬರಿಗೆಂದು ಅಟ್ಟದ ಮೇಲೆ ತೆಂಗಿನಕಾಯಿ ಕೂಡಿಡುತ್ತಾರೆ. ತರೀಕೆರೆಯ ಕಡೆ ಒಣಗಿಸಿದ ಅಡಿಕೆಯ ಚೀಲಗಳಿರುತ್ತವೆ. ಈ ಮೂರಕ್ಕೂ ತೇವವೇ ವೈರಿ. ವರ್ಷದ ದುಡಿಮೆ ಇರುವ ಕೋಣೆಯ ಬಳಿ ಈ ಯಂತ್ರ ಬರಕೂಡದು. ಪೂಜೆಯ ಕೋಣೆಯ ವಿಭೂತಿ, ಹಳೆಯ ಗ್ರಂಥಗಳು, ಹಾರ್ಮೋನಿಯಂ ತಬಲಗಳ ಮಾತೂ ಹಾಗೆಯೇ.

ಯಂತ್ರವಿಲ್ಲದ ಮನೆಗೆ

ಯಂತ್ರ ಕೊಳ್ಳಲಾಗದ ಮನೆಯವರು ಕೊರಗಬೇಕಾಗಿಲ್ಲ. ಒಗೆದು ಹಿಂಡಿದ ಹತ್ತಿಯ ಪಂಚೆಯೊಂದನ್ನು ಮಧ್ಯಾಹ್ನ ಕೋಣೆಯೊಳಗೆ ಹರವಿರಿ. ಒದ್ದೆಯಿದ್ದಾಗೊಮ್ಮೆ, ಒಣಗಿದ ಮೇಲೊಮ್ಮೆ ತೂಗಿ ನೋಡಿದರೆ ಎಷ್ಟು ನೀರು ಗಾಳಿಗೆ ಸೇರಿತೆಂಬುದು ನಿಮಗೇ ತಿಳಿಯುತ್ತದೆ. ಮೇಲೆ ಹೇಳಿದ ಲೋಟದ ಲೆಕ್ಕಕ್ಕೆ ಅದು ಸಾಕಷ್ಟಾಯಿತು. ಉಪ್ಪು ಬಟ್ಟೆಯಲ್ಲೇ ಉಳಿಯುವುದರಿಂದ ಬೋರ್‌ವೆಲ್ ನೀರಾದರೂ ಅಡ್ಡಿಯಿಲ್ಲ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದು, ಗಾರೆ ನೆಲವನ್ನು ಮಧ್ಯಾಹ್ನವೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುವುದು, ಇವೂ ಅದೇ ಕೆಲಸ ಮಾಡುತ್ತವೆ. ಮೂಲೆಯಲ್ಲಿ ಬಟ್ಟಲು ನೀರಿಡುವುದರಿಂದ ಹೆಚ್ಚೇನೂ ಆಗದು. ಆವಿಯಾಗಲು ನೀರಿನ ಮೇಲ್ಮೈ ಹರವಾಗಿರಬೇಕು. ತುಟಿಗೆ ತುಪ್ಪ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ, ಆಗಾಗ ಕುಡಿಯಲು ನೀರು ಮಜ್ಜಿಗೆ, ಇವನ್ನು ನಾವು ಹೇಳಬೇಕಾಗಿಲ್ಲ.

ಒಟ್ಟಿನಲ್ಲಿ ಕ್ರಮ ಹೀಗಿರಲಿ. ಮೊದಲು ಮಾಪಕ, ಹತ್ತು ದಿನದ ಬರಹ. ಆಮೇಲೆ ಹೊಗೆ ಧೂಳುಗಳನ್ನು ತಗ್ಗಿಸುವುದು. ಆಮೇಲೆ ಒದ್ದೆ ಪಂಚೆ ಅಥವಾ ಮನೆಯಲ್ಲಿರುವ ಕೂಲರ್. ಇವಾವುದರಿಂದಲೂ ಸಾಲದಾದರೆ, ದಿನವೂ ತೊಳೆಯುವವರು ಮನೆಯಲ್ಲಿದ್ದರೆ, ಲವಣವಿಲ್ಲದ ನೀರು ದೊರೆಯುವಂತಿದ್ದರೆ, ಆಗ ಯಂತ್ರ. ದೂರದಲ್ಲಿರುವ ಮಕ್ಕಳು ಏನು ಕಳುಹಿಸಲೆಂದು ಕೇಳಿದರೆ ಈ ಸಲ ಮಾಪಕವೊಂದನ್ನು ಮಾತ್ರ ಕಳುಹಿಸಲು ಹೇಳಿರಿ. ಅದು ತೋರಿಸುವ ಅಂಕಿಯನ್ನು ಅವರಿಗೂ ತಿಳಿಸಿ, ಮುಂದಿನದನ್ನು ಕೂಡಿ ತೀರ್ಮಾನಿಸಿರಿ.

ಮನೆಯ ಬೋರ್‌ವೆಲ್ ನೀರನ್ನು ಪರೀಕ್ಷಿಸಿಕೊಳ್ಳುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ.